ಬಳೆ ಇಳಿಯದ ಕೈ

ಹಾಲಿಗೆ ನೀರು ಬೆರೆಸಿದ್ದಾರೋ ಇಲ್ಲವೋ ಎಂದು ಕ್ಯಾನಿನ ಮುಚ್ಚಳ ತೆಗೆಯುವಾಗಲೇ ಹೇಳಬಲ್ಲೆ. ಕಾಮಸಮುದ್ರ ಹೋಬಳಿಯ ನಮ್ಮೂರಿನ ಮಹಿಳಾ ಡೈರಿಯಲ್ಲಿ ಹನ್ನೊಂದು ವರ್ಷದಿಂದ ಟೆಸ್ಟರ್ ಕೆಲಸ ನನ್ನದು. ನನ್ನ ಬಾಯಿ ಜೋರು, ಅದು ಊರಿಗೇ ಗೊತ್ತು. ಲ್ಯಾಕ್ಟೋಮೀಟರಿನಲ್ಲಿ ಡಿಗ್ರಿ ಬರದ ಹಾಲನ್ನು ಸ್ವಂತ ಚಿಕ್ಕಮ್ಮ ತಂದರೂ ವಾಪಸ್ ಕಳಿಸಿದವಳು ನಾನು. ಇಂಥವಳು ತನ್ನ ಮೈಯೊಳಗೇ ಏನೋ ಕೆಟ್ಟಿದೆ ಎನ್ನುವುದನ್ನು ಮೂರು ತಿಂಗಳು ಬಾಯಿ ಬಿಟ್ಟು ಹೇಳಲಿಲ್ಲ. ಯಾಕೆ ಹೇಳಲಿಲ್ಲ ಎನ್ನುವುದನ್ನೇ ಬರೆಯಲು ಕೂತಿದ್ದೇನೆ. ಈಗ ಎಲ್ಲೋ ಇನ್ನೊಬ್ಬಳು ಈ ಬಿಸಿಲಲ್ಲೂ ಉದ್ದ ತೋಳಿನ ರವಿಕೆ ತೊಟ್ಟು ಸುಮ್ಮನೆ ಕೂತಿರಬಹುದು. ಅವಳಿಗೆ ತಲುಪಿದರೆ ಸಾಕು.

ಸಂಕ್ರಾಂತಿ ಕಳೆದ ಮೇಲೆ ಮೊದಲ ಕಲೆ ಕಂಡಿತು. ಬಲತೊಡೆಯ ಮೇಲೆ ಅಂಗೈ ಅಗಲದ್ದು, ನೇರಳೆ ಹಣ್ಣಿನ ಬಣ್ಣದ್ದು. ಕ್ಯಾನು ಎತ್ತುವಾಗ ತಗುಲಿರಬೇಕು ಅಂದುಕೊಂಡೆ. ವಾರದೊಳಗೆ ಮೊಣಕೈ ಹತ್ತಿರ ಇನ್ನೊಂದು ಬಂತು, ಆಮೇಲೆ ಸೊಂಟದ ಮೇಲೆ. ಏನೂ ತಗುಲಿರಲಿಲ್ಲ. ಅದೇ ತಿಂಗಳು ನಾಲ್ಕು ದಿನಕ್ಕೆ ನಿಲ್ಲಬೇಕಾದ ಮುಟ್ಟು ನಿಲ್ಲಲಿಲ್ಲ. ಹತ್ತು ದಿನವಾಯಿತು, ಇಪ್ಪತ್ತಾಯಿತು. ಎರಡು ದಿನ ಕಡಿಮೆಯಾಗಿ ಮತ್ತೆ ಶುರುವಾಗುತ್ತಿತ್ತು.

ನಮ್ಮ ಮನೆಯಲ್ಲಿ ಮನೆದೇವರ ಕಟ್ಟಳೆ ಬಿಗಿ. ಹೊರಗಾದವರು ದನದ ಕೊಟ್ಟಿಗೆಗೆ ಅಂಟಿಕೊಂಡ ಚಿಕ್ಕ ರೂಮಿನಲ್ಲಿ ಮಲಗಬೇಕು. ತಟ್ಟೆ ಬೇರೆ, ಲೋಟ ಬೇರೆ, ಚಾಪೆ ಬೇರೆ. ಡೈರಿಗೆ ಮಾತ್ರ ಹೋಗಬಹುದು, ಯಂತ್ರಕ್ಕೆ ಮೈಲಿಗೆ ಇಲ್ಲ ಎಂದು ನಮ್ಮತ್ತೆ ಮುನಿಯಮ್ಮ ಯಾವತ್ತೋ ತೀರ್ಪು ಕೊಟ್ಟಿದ್ದರು. ಮೂರು ದಿನದ ಮಟ್ಟಿಗೆ ಆ ರೂಮು ನನಗೆ ಎಂದೂ ಬೇಸರ ತರಿಸಿರಲಿಲ್ಲ. ಅಡುಗೆ ಕೆಲಸ ತಪ್ಪುತ್ತದಲ್ಲ ಎಂದು ಖುಷಿಯೇ ಇತ್ತು. ಈಗ ಮೂರು ದಿನ ಮೂವತ್ತಾಗಿ, ನಲವತ್ತಾಯಿತು. ಮಗಳು ಕಾವ್ಯ ತಟ್ಟೆಯನ್ನು ಬಾಗಿಲ ಬಳಿ ಇಟ್ಟು, ಅಮ್ಮಾ ಊಟ ಎಂದು ಹೇಳಿ ಹೋಗುತ್ತಿದ್ದಳು. ಗೋಡೆಯ ಆಚೆ ಹಸು ಮೆಲುಕು ಹಾಕುವುದು ಕೇಳಿಸುತ್ತಿತ್ತು. ಒಳಮನೆಯಲ್ಲಿ ಟಿವಿ ಮುಂದೆ ಅಜ್ಜಿ ಮೊಮ್ಮಗಳು ನಗುವುದೂ ಕೇಳಿಸುತ್ತಿತ್ತು. ನಾನಿಲ್ಲದೆ ಮನೆ ಎಷ್ಟು ಸಲೀಸಾಗಿ ನಡೆಯುತ್ತದೆ ಎಂದು ಗೊತ್ತಾದದ್ದು ಆಗಲೇ. ಹೊಟ್ಟೆಕಿಚ್ಚಾಯಿತು, ಸುಳ್ಳು ಯಾಕೆ ಹೇಳಲಿ.

ಕಲೆಗಳ ವಿಷಯ ಬೇರೆಯೇ ಆಯಿತು. ಒಂದು ದಿನ ಹಾಲು ಅಳೆಯುವಾಗ ಸೆರಗು ಸರಿದು ತೋಳು ಕಂಡಿತು. ಸಾಲಿನಲ್ಲಿ ನಿಂತಿದ್ದವರೆಲ್ಲ ನೋಡಿದರು. ಸಂಘದ ಹಿರಿಯರೊಬ್ಬರು ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು, ಸೀನ ಕುಡೀತಾನಾ ಎಂದು ಕೇಳಿದರು. ನನ್ನ ಗಂಡ ಶ್ರೀನಿವಾಸ ಬೆಳಗ್ಗೆ ಬಂಗಾರಪೇಟೆಗೆ ಬೈಕಿನಲ್ಲಿ ಹೋಗಿ, ರೈಲು ಹಿಡಿದು, ಬೆಂಗಳೂರಿನಲ್ಲಿ ಟೈಲ್ಸ್ ಕೆಲಸ ಮಾಡಿ ಸಂಜೆಗೆ ಬರುವ ಮನುಷ್ಯ. ಕುಡಿಯುವುದಿರಲಿ, ನನಗೆ ಎದುರು ಮಾತಾಡಿದವನೂ ಅಲ್ಲ. ಇಲ್ಲ ಎಂದೆ. ಅವರು ನಂಬಲಿಲ್ಲ. ಹೊಡೆತ ತಿಂದವರೆಲ್ಲ ಮೊದಲು ಹೇಳುವುದು ಅದೇ ಮಾತಲ್ಲವೇ? ಮಾರನೇ ದಿನದಿಂದ ಬೀದಿಯ ಹೆಂಗಸರು ಅವನು ಬರುವುದು ಕಂಡರೆ ಮುಖ ತಿರುಗಿಸತೊಡಗಿದರು. ನಾನು ಉದ್ದ ತೋಳಿನ ರವಿಕೆ ಹೊಲಿಸಿಕೊಂಡೆ.

ಶ್ರೀನಿವಾಸನಿಗೂ ಇದು ಗೊತ್ತಾಯಿತು. ಒಂದು ಸಂಜೆ ನನ್ನ ರೂಮಿನ ಬಾಗಿಲಲ್ಲಿ ನಿಂತು, ನೆಲ ನೋಡುತ್ತಾ ಹೇಳಿದ:

"ನಿನ್ನ ಮುಟ್ಟಕ್ಕೇ ಭಯ ಆತದೆ ಮಂಜುಳಾ. ಎಲ್ ಮುಟ್ಟಿದ್ರೆ ಎಲ್ ಕಪ್ಪಾತದೋ ಅಂತ."

ಅವನ ತಪ್ಪಿಲ್ಲ. ಆದರೆ ಅವತ್ತಿನಿಂದ ನನ್ನನ್ನು ಮುಟ್ಟುವವರು ಯಾರೂ ಇರಲಿಲ್ಲ. ಅತ್ತೆ ಮೈಲಿಗೆ ಎಂದು, ಗಂಡ ಭಯ ಎಂದು, ಮಗಳು ಅಜ್ಜಿ ಬೈಯುತ್ತಾಳೆ ಎಂದು. ಮೂವರು ಜೊತೆಗಿದ್ದ ಮನೆಯಲ್ಲೇ ಒಬ್ಬಂಟಿಯಾಗುವುದು ಹೇಗೆಂದು ಕೇಳಿದರೆ ನನ್ನನ್ನು ಕೇಳಿ.

ಕೆಳಗಿನ ರಕ್ತದ ವಿಷಯವನ್ನು ಗಂಡಸರೆದುರು ಆಡುವಂತಿಲ್ಲ. ಮೈಮೇಲಿನ ಕಲೆಯ ವಿಷಯವನ್ನು ಹೆಂಗಸರೆದುರು ಆಡಿದರೆ ಗಂಡನ ಮಾನ ಹೋಗುತ್ತದೆ. ಹೀಗೆ ಎರಡನ್ನೂ ಬೇರೆ ಬೇರೆ ಗಂಟು ಕಟ್ಟಿ ಇಟ್ಟುಕೊಂಡೆ. ಎರಡೂ ಒಂದೇ ಇರಬಹುದು ಎಂದು ಒಂದು ದಿನವೂ ಹೊಳೆಯಲಿಲ್ಲ. ಡಾಕ್ಟರ ಹತ್ತಿರ ಹೋದಾಗಲೂ ಮುಟ್ಟಿನ ಗಂಟು ಮಾತ್ರ ಬಿಚ್ಚಿದೆ. ಉದ್ದ ತೋಳನ್ನು ಮಣಿಕಟ್ಟಿನವರೆಗೂ ಎಳೆದುಕೊಂಡೇ ಕೂತಿದ್ದೆ. ಮಾತ್ರೆ ಕೊಟ್ಟರು, ನಿಲ್ಲಲಿಲ್ಲ. ಸ್ಕ್ಯಾನ್ ಮಾಡಿದರು, ಗರ್ಭಕೋಶದಲ್ಲಿ ಚಿಕ್ಕದೊಂದು ಗಡ್ಡೆ ಕಂಡಿತು. ಮಕ್ಕಳಾಗಿದೆಯಲ್ಲ, ತೆಗೆಸಿಬಿಡಿ ಎಂದರು.

ನಮ್ಮ ಕಡೆ ಅದೇನೂ ದೊಡ್ಡ ಸುದ್ದಿಯಲ್ಲ. ನಮ್ಮ ಬೀದಿಯಲ್ಲಿ ನನ್ನ ಓರಗೆಯವರಲ್ಲಿ ಅರ್ಧಕ್ಕರ್ಧ ಜನ ತೆಗೆಸಿಕೊಂಡವರೇ. ಇನ್ನೂ ಇಟ್ಕೊಂಡಿದೀಯಾ, ಏನ್ ಪೂಜೆ ಮಾಡ್ತೀಯಾ ಅದಕ್ಕೆ ಎಂದು ಪಕ್ಕದ ಮನೆಯವಳು ನಗಾಡಿದಳು. ನಾನೂ ನಕ್ಕೆ. ಬಂಗಾರಪೇಟೆಯ ಒಂದು ಆಸ್ಪತ್ರೆಯಲ್ಲಿ ಗುರುವಾರಕ್ಕೆ ಆಪರೇಷನ್ ನಿಗದಿಯಾಯಿತು.

ನನ್ನ ತಾಯಿ ಬದುಕಿಲ್ಲ. ಮೈಗೆ ಕತ್ತಿ ಬೀಳುವ ಮುಂಚೆ ತವರಿನಿಂದ ಬಳೆ ಇಡಿಸುವುದು ನಮ್ಮಲ್ಲಿ ರೂಢಿ, ಮುತ್ತೈದೆಯಾಗಿಯೇ ಮನೆಗೆ ವಾಪಸ್ ಬರಲಿ ಎಂದು. ಕ್ಯಾಸಂಬಳ್ಳಿಯಲ್ಲಿರುವ ನನ್ನ ಅಣ್ಣ ಅರಿಶಿನ ಕುಂಕುಮ ಕಳಿಸಿ, ಬಳೆ ನೀವೇ ಇಡಿಸಿ ಎಂದು ಅತ್ತೆಗೆ ಹೇಳಿಬಿಟ್ಟ. ಮಂಗಳವಾರ ಅತ್ತೆ ಬಂದು ರೂಮಿನ ಬಾಗಿಲಲ್ಲಿ ನಿಂತರು. ನಾನು ಹೊರಗಿದ್ದೀನಲ್ಲ ಅತ್ತೆ ಎಂದೆ. ಬಳೆಗೆ ಮೈಲಿಗೆ ಇಲ್ಲ, ನಡಿ ಎಂದರು. ತೀರ್ಪು ಕೊಡುವುದರಲ್ಲಿ ಅವರಿಗೆ ಅವರೇ ಸಾಟಿ.

ಬಂಗಾರಪೇಟೆಯಲ್ಲಿ ಅತ್ತೆ ಯಾವಾಗಲೂ ಹೋಗುವುದು ಸುಬ್ಬಮ್ಮನ ಬಳೆ ಅಂಗಡಿಗೆ. ಸುಬ್ಬಮ್ಮ ಉರಿಗಾಂನವರು. ಗಂಡ ಚಿನ್ನದ ಗಣಿಯಲ್ಲಿ ದುಡಿದು ತೀರಿಕೊಂಡ ಮೇಲೂ ಗಣಿ ಕೆಲಸಗಾರರ ಲೈನಿನ ಮನೆಯಿಂದ ದಿನಾ ಬಂದು ಅಂಗಡಿ ತೆರೆಯುತ್ತಾರೆ. ಅರ್ಧ ಕನ್ನಡ, ಅರ್ಧ ತೆಲುಗು, ಸಿಟ್ಟು ಬಂದರೆ ತಮಿಳು. ನನ್ನ ಕೈಗೆ ಸೋಪು ನೀರು ಹಚ್ಚಿ, ಹೆಬ್ಬೆರಳಿನ ಬುಡ ಒತ್ತಿ ಹಿಡಿದು, ಎರಡೂ ಕೈಗೆ ಡಜನ್ ಡಜನ್ ಹಸಿರು ಬಳೆ ಏರಿಸಿದರು. ಎಷ್ಟೋ ದಿನದ ಮೇಲೆ ಒಬ್ಬರು ನನ್ನ ಕೈ ಹಿಡಿದಿದ್ದರು. ನೋಯುತ್ತಿತ್ತು, ಆದರೂ ಬೇಗ ಮುಗಿಯದಿರಲಿ ಅನ್ನಿಸಿತು.

ಅತ್ತೆಗೆ ಇನ್ನೂ ಏನೇನೋ ಕೊಳ್ಳುವುದಿತ್ತು. ಸಂತೆ ಸುತ್ತಿ ಬಸ್ ಸ್ಟಾಂಡಿಗೆ ಬರುವಷ್ಟರಲ್ಲಿ ಎಡಗೈ ಹೆಬ್ಬೆರಳಿನ ಬುಡದಿಂದ ಊದಲು ಶುರುವಾಯಿತು. ಬಸ್ಸು ಬರುವ ಹೊತ್ತಿಗೆ ಮಣಿಕಟ್ಟು ಉಬ್ಬಿ, ಬಳೆಗಳು ಚರ್ಮಕ್ಕೆ ಕಚ್ಚಿಕೊಂಡವು. ಬೆರಳು ತಣ್ಣಗಾದವು. ಬಸ್ಸು ಬಿಟ್ಟು ವಾಪಸ್ ಅಂಗಡಿಗೆ ಹೋದೆವು.

ಸುಬ್ಬಮ್ಮ ಎಣ್ಣೆ ಹಚ್ಚಿದರು, ಸೋಪು ಹಚ್ಚಿದರು. ಒಂದೂ ಇಳಿಯಲಿಲ್ಲ. ಒಡೆಯಬೇಕು ಎಂದರು. ಅತ್ತೆ ಮೊದಲು ಒಪ್ಪಲಿಲ್ಲ. ಮುತ್ತೈದೆಯ ಕೈ ಬಳೆ, ಅದೂ ಇಟ್ಟ ದಿನವೇ, ಅದೂ ಆಪರೇಷನ್‌ಗೆ ಎರಡು ದಿನ ಇರುವಾಗ! ಸುಬ್ಬಮ್ಮ ವಾದ ಮಾಡಲಿಲ್ಲ. ದಾರಕ್ಕೆ ಅರಿಶಿನ ಕೊಂಬು ಕಟ್ಟಿ ನನ್ನ ಮೊಣಕೈ ಮೇಲೆ ಬಿಗಿಯದೆ ಕಟ್ಟಿದರು, ಕೈ ಬರಿದಾಗದಿರಲಿ ಎಂದು. ಆಮೇಲೆ ಬಟ್ಟೆ ಸುತ್ತಿ, ಒಂದೊಂದೇ ಬಳೆಯನ್ನು ಒಡೆದು ತೆಗೆದರು. ಅತ್ತೆ ಗೋಡೆ ಕಡೆ ತಿರುಗಿ ಕೂತಿದ್ದರು. ಒಂದು ಚೂರು ತಾಗಿ ಕೂದಲೆಳೆಯಷ್ಟು ಗೀರಾಯಿತು. ಅದರ ರಕ್ತ ನಿಲ್ಲಲೇ ಇಲ್ಲ. ಬಟ್ಟೆ ಮೂರು ಸಲ ಬದಲಾಯಿಸಿದರು.

ಆಗ ಸುಬ್ಬಮ್ಮ ನನ್ನ ರವಿಕೆಯ ತೋಳನ್ನು ಮೇಲಕ್ಕೆ ಸರಿಸಿದರು. ನಾನು ತಡೆಯುವಷ್ಟರಲ್ಲಿ ಎಲ್ಲ ಕಂಡುಹೋಯಿತು. ಅತ್ತೆ ತಿರುಗಿ ನೋಡಿದರು. ನನ್ನ ಮಗ ಹೊಡೆಯುವವನಲ್ಲ ಎಂದು ಅತ್ತೆ ಬಾಯಿ ತೆರೆದರೆ, ಸುಬ್ಬಮ್ಮ ಕೈ ಎತ್ತಿ ಸುಮ್ಮನಿರಿಸಿದರು.

"ಒಡೆತ ತಿಂದ ಕೈ ನಂಗ್ ಗೊತ್ತಮ್ಮಾ. ನಲವತ್ ವರ್ಸದಿಂದ ಎಂಗಸ್ರ ಕೈ ಇಡ್ಕೊಂಡೇ ಅನ್ನ ತಿಂತಾ ಇದೀನಿ. ಬಾಣಂತಿ ಕೈ ನೋಡಿದೀನಿ, ಜ್ವರದ ಕೈ ನೋಡಿದೀನಿ. ಇಂಥ ಕೈ ನೋಡಿಲ್ಲ. ಇದು ಯಾರೋ ಒಡೆದಿದ್ದಲ್ಲ, ಒಳಗಿಂದ ಬಂದಿದ್ದು." ನನ್ನ ಕಡೆ ತಿರುಗಿದರು. "ಡಾಕ್ಟ್ರಿಗೆ ಇದ ತೋರ್ಸಿದ್ಯಾ ತಲ್ಲೀ?"

ಇಲ್ಲ ಎಂದೆ. ಅವರು ಕೇಳುವುದು ಕೆಳಗಿನ ರಕ್ತದ ವಿಷಯ, ಇದನ್ನು ಯಾಕೆ ತೋರಿಸಲಿ ಎಂದೆ.

"ರಕ್ತ ಎರಡ್ ಬಗೆ ಇರ್ತದಾ? ಗೀರಿದ್ದೇ ನಿಲ್ತಾ ಇಲ್ಲ, ಕುಯ್ದಿದ್ದು ನಿಲ್ತದಾ? ಕತ್ತಿ ಇಡಕ್ ಮುಂಚೆ ಈ ಕೈ ತೋರ್ಸು."

ಗುರುವಾರ ಆಸ್ಪತ್ರೆಗೂ ಅತ್ತೆಯೇ ಬಂದರು, ಹೊರಗಿನ ಬೆಂಚಿನಲ್ಲಿ ಕೂತರು. ಒಳಗೆ ನನಗೆ ಹಸಿರು ಗೌನು ತೊಡಿಸಿ ಮಲಗಿಸಿದ್ದರು. ನರ್ಸಮ್ಮನಿಗೆ ಕೈ ತೋರಿಸಿದೆ. ಆಪರೇಷನ್ ಅಂದರೆ ಎಲ್ಲರಿಗೂ ಭಯವಾಗುತ್ತದೆ, ಏನೂ ಆಗಲ್ಲ ಎಂದು ಗೌನಿನ ತೋಳು ಎಳೆದು ಮುಚ್ಚಿದರು. ಅಲ್ಲಿಗೆ ಸುಮ್ಮನಾಗಿಬಿಡುತ್ತಿದ್ದೆನೋ ಏನೋ. ಇಷ್ಟು ಜನ ಇಷ್ಟು ಸಿದ್ಧತೆ ಮಾಡಿಕೊಂಡು ನಿಂತಿರುವಾಗ ಬೇಡ ಎನ್ನುವುದಕ್ಕೆ ನಾಚಿಕೆಯಾಗುತ್ತದೆ. ಆದರೆ ಗೀರಿದ ಜಾಗದ ಬಟ್ಟೆ ಎರಡು ದಿನವಾದರೂ ಒದ್ದೆಯಾಗಿತ್ತು. ಅರಿವಳಿಕೆ ಕೊಡುವ ಡಾಕ್ಟರಮ್ಮ ಬಂದಾಗ ಎದ್ದು ಕೂತೆ. ಡೈರಿಯಲ್ಲಿ ಹಾಲು ವಾಪಸ್ ಕಳಿಸುವ ದನಿಯಲ್ಲೇ ಹೇಳಿದೆ, ಇದನ್ನು ನೋಡುವವರೆಗೂ ನಾನು ಮಲಗಲ್ಲ ಎಂದು.

ಅವರು ಚಿಕ್ಕ ವಯಸ್ಸಿನವರು. ಕೈ ನೋಡಿದರು, ಆಮೇಲೆ ಕಾಲು, ಸೊಂಟ. ಹೆರಿಗೆಯಲ್ಲಿ ಹೀಗಾಗಿತ್ತಾ, ಹಲ್ಲು ಕೀಳಿಸಿದಾಗ ಆಗಿತ್ತಾ, ತವರಿನ ಗಂಡಸರಿಗೆ ಯಾರಿಗಾದರೂ ಇದೆಯಾ ಎಂದು ಕೇಳಿದರು. ಯಾವುದೂ ಇರಲಿಲ್ಲ, ಎಲ್ಲ ಈ ವರ್ಷವೇ ಶುರುವಾಗಿದ್ದು ಎಂದೆ. ಇನ್ನೂ ಒಂದು ಪರೀಕ್ಷೆಗೆ ರಕ್ತ ತೆಗೆದರು. ಅದು ಬಂದ ಮೇಲೆ ಮತ್ತೆ ತೆಗೆದರು, ಯಂತ್ರ ತಪ್ಪಿರಬೇಕು ಎಂದು. ಯಂತ್ರ ತಪ್ಪಿರಲಿಲ್ಲ. ಮಧ್ಯಾಹ್ನ ಡಾಕ್ಟರಮ್ಮ ತಾವೇ ಬಂದು, ಸ್ಟೂಲು ಎಳೆದುಕೊಂಡು ಕೂತು, ಇವತ್ತು ಕೊಯ್ದಿದ್ದರೆ ರಕ್ತ ನಿಲ್ಲಿಸಲು ನಮ್ಮ ಕೈಯಲ್ಲಿ ಆಗುತ್ತಿರಲಿಲ್ಲ ಎಂದು ಹೇಳಿದರು. ಅವರ ಮುಖ ಬಿಳುಚಿತ್ತು. ನನಗಿಂತ ಅವರಿಗೇ ಹೆಚ್ಚು ಭಯವಾಗಿತ್ತು ಅನ್ನಿಸುತ್ತದೆ.

ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ಕಳಿಸಿದರು. ರಕ್ತದ ಕಾಯಿಲೆಗಳಿಗೆಂದೇ ಅಲ್ಲಿ ಒಂದು ವಿಭಾಗವಿದೆ. ಹೊರಗಿನ ಪಡಸಾಲೆಯಲ್ಲಿ ಸಾಲು ಸಾಲು ತಾಯಂದಿರು. ರಕ್ತ ನಿಲ್ಲದ ಕಾಯಿಲೆ ಹುಟ್ಟಿನಿಂದ ಬರುವುದು ಬಹಳ ಮಟ್ಟಿಗೆ ಗಂಡುಮಕ್ಕಳಿಗಂತೆ. ಎಲ್ಲರೂ ಅವರವರ ಮಗನನ್ನು ಕರೆತಂದಿದ್ದರು. ನಾನು ಕೂತ ಕೂಡಲೇ ಪಕ್ಕದವರು ಕೇಳಿದರು, ನಿಮ್ಮ ಮಗ ಎಲ್ಲಿ ಅಂತ. ನನಗೇ ಕಾಯಿಲೆ ಎಂದರೆ, ಹೆಂಗಸರಿಗೂ ಬರುತ್ತಾ ಎಂದರು. ಆ ಪಡಸಾಲೆಯಲ್ಲಿ ಎಷ್ಟು ಸಲ ಕೂತೆನೋ ಅಷ್ಟು ಸಲ ಅದೇ ಪ್ರಶ್ನೆ. ಚೀಟಿ ಕೊಡುವವನೂ ರೋಗಿಯನ್ನು ಕರ್ಕೊಂಡು ಬನ್ನಿ ಎನ್ನುತ್ತಿದ್ದ. ಕೊನೆಕೊನೆಗೆ, ಮಗ ಟಾಯ್ಲೆಟ್‌ಗೆ ಹೋಗಿದ್ದಾನೆ ಎಂದು ಹೇಳಿ ಸುಮ್ಮನಾಗುತ್ತಿದ್ದೆ. ಇಲ್ಲದ ಮಗನನ್ನು ಅಷ್ಟು ಸಲ ಟಾಯ್ಲೆಟ್‌ಗೆ ಕಳಿಸಿದವಳು ನಾನೊಬ್ಬಳೇ ಇರಬೇಕು.

ಅಲ್ಲಿನ ಡಾಕ್ಟರ್ ವಯಸ್ಸಾದವರು, ಸಮಾಧಾನದ ಹೆಂಗಸು. ಇದು ನಡುವಯಸ್ಸಿನಲ್ಲಿ ಬಂದದ್ದು ಎಂದರು. ರಕ್ತ ಗಟ್ಟಿಯಾಗಿಸುವ ಅಂಶ ನನ್ನ ಮೈಯಲ್ಲೂ ತಯಾರಾಗುತ್ತಿತ್ತಂತೆ, ಆದರೆ ನನ್ನ ಮೈಯೇ ಅದನ್ನು ಶತ್ರು ಅಂದುಕೊಂಡು ಕೊಲ್ಲುತ್ತಿತ್ತಂತೆ. ಆರೋಗ್ಯವಂತರ ರಕ್ತದ ತಿಳಿಯನ್ನು ನನ್ನದಕ್ಕೆ ಬೆರೆಸಿ ನೋಡಿದರೂ ಗಟ್ಟಿಯಾಗಲಿಲ್ಲವಂತೆ. ಇಷ್ಟು ಕೇಳಿದ ಮೇಲೆ ನಾನು ಕೇಳಿದೆ:

"ಕೆಚ್ಚಲುಬಾವು ಬಂದು ಇಂಜೆಕ್ಷನ್ ಆಕಿದ್ ಹಸು ಹಾಲಿಗೆ ಎಷ್ಟ್ ಹೆಪ್ಪು ಆಕಿದ್ರೂ ಮೊಸರಾಗಲ್ಲ ಮೇಡಂ. ಅಂಗಾ?"

ಅವರು ಹಾಗೇ ಎಂದು ನಕ್ಕರು. ಯಾಕೆ ಬಂತು ಎಂದು ಮಾತ್ರ ಅವರಿಗೂ ಹೇಳಲಾಗಲಿಲ್ಲ. ಕೆಲವರಿಗೆ ಹೆರಿಗೆಯಾದ ಮೇಲೆ ಬರುತ್ತದೆ, ಕೆಲವರಿಗೆ ಬೇರೆ ಕಾಯಿಲೆಯ ಬೆನ್ನಿಗೆ, ಕೆಲವರಿಗೆ ಸುಮ್ಮನೆ.

ಐದು ವಾರ ವಾರ್ಡಿನಲ್ಲಿದ್ದೆ. ಶ್ರೀನಿವಾಸ ಕೆಲಸ ಬಿಟ್ಟ ಮೇಲೆ ರೈಲಿಗೆ ಹೊತ್ತಾಗುವವರೆಗೆ ಬಂದು ಕೂತು ಹೋಗುತ್ತಿದ್ದ, ಮಂಚದ ಕಂಬಿ ಹಿಡಿದುಕೊಂಡು. ಕಾವ್ಯಳಿಗೆ ಪರೀಕ್ಷೆ. ಅತ್ತೆಗೆ ಹಸುಗಳು. ಮಿಕ್ಕ ಹೊತ್ತೆಲ್ಲ ನಾನು, ಎದುರಿನ ಗೋಡೆ. ಯಾರ ಮೇಲೆ ಸಿಟ್ಟು ಮಾಡಲಿ ಎಂದು ತಿಳಿಯದೆ ಒಮ್ಮೊಮ್ಮೆ ಉಪ್ಪಿಲ್ಲದ ಉಪ್ಪಿಟ್ಟಿನ ಮೇಲೆ ಮಾಡುತ್ತಿದ್ದೆ.

ದಿನಾ ಬೆಳಗ್ಗೆ ರಕ್ತ ತೆಗೆಯುತ್ತಿದ್ದರು. ಸೂಜಿ ಚುಚ್ಚಿದ ಜಾಗವನ್ನು ಹತ್ತಿ ಇಟ್ಟು ಇಪ್ಪತ್ತು ನಿಮಿಷ ಒತ್ತಿ ಹಿಡಿಯಬೇಕು, ಇಲ್ಲದಿದ್ದರೆ ಮೊಣಕೈವರೆಗೂ ಕಪ್ಪಾಗುತ್ತಿತ್ತು. ನೀವೇ ಒತ್ತಿಕೊಳ್ಳಿ ಎಂದು ಹೇಳಿ ಹೋಗುವವರೇ ಹೆಚ್ಚು. ಒಬ್ಬ ನರ್ಸ್ ಮಾತ್ರ ತಾನೇ ಕೂತು ಒತ್ತಿ ಹಿಡಿಯುತ್ತಿದ್ದಳು. ಕಿಟಕಿ ಕಡೆ ನೋಡುತ್ತಾ ಕೂತಿರುತ್ತಿದ್ದಳು. ಅವಳ ಡ್ಯೂಟಿ ಯಾವ ದಿನ ಎಂದು ನಾನು ನೆನಪಿಟ್ಟುಕೊಂಡಿರುತ್ತಿದ್ದೆ. ಆ ಇಪ್ಪತ್ತು ನಿಮಿಷಕ್ಕಾಗಿ ಸೂಜಿಯ ದಾರಿ ಕಾಯುತ್ತಿದ್ದೆ ಎಂದು ಹೇಳಿದರೆ ನೀವು ನಗುತ್ತೀರೇನೋ.

ಸ್ಟೀರಾಯ್ಡ್ ಮಾತ್ರೆ ಕೆಲಸ ಮಾಡಿತು. ಮೊದಲು ಹೊಸ ಕಲೆ ಬರುವುದು ನಿಂತಿತು, ಆಮೇಲೆ ಕೆಳಗಿನ ರಕ್ತ ನಿಂತಿತು. ಗರ್ಭಕೋಶ ಅದರ ಪಾಡಿಗೆ ಇದೆ, ಅದರದು ಏನೂ ತಪ್ಪಿರಲಿಲ್ಲ. ಆದರೆ ಮಾತ್ರೆಯಿಂದ ಮುಖ ಊದಿ, ಕಣ್ಣು ಒಳಗೆ ಸೇರಿ, ನಾನು ಬೇರೆ ಯಾರೋ ಆಗಿದ್ದೆ. ಊರಿಗೆ ವಾಪಸ್ ಬಂದ ದಿನ ಡೈರಿಯ ಮುಂದೆ ನಡೆದು ಹೋದರೆ ಯಾರೂ ಮಾತಾಡಿಸಲಿಲ್ಲ. ಗುರುತು ಸಿಗದೆಯೋ, ರಕ್ತದ ಕಾಯಿಲೆ ಎಂದು ಕೇಳಿ ಬೇರೆ ಏನೋ ಅಂದುಕೊಂಡೋ ಗೊತ್ತಿಲ್ಲ. ಇವತ್ತಿಗೂ ಕೇಳಿಲ್ಲ. ಶ್ರೀನಿವಾಸನನ್ನು ಕಂಡರೆ ಮುಖ ತಿರುಗಿಸುತ್ತಿದ್ದವರು ಈಗ ಅಣ್ಣಾ ಎನ್ನುತ್ತಾರೆ, ಕ್ಷಮಿಸು ಎಂದು ಒಬ್ಬರೂ ಅಂದಿಲ್ಲ. ಅವನೂ ನನ್ನ ಹೆಗಲ ಮೇಲೆ ಕೈ ಇಟ್ಟರೆ ಹಕ್ಕಿ ಕೂತಂತೆ ಇಡುತ್ತಾನೆ, ಮತ್ತೆ ತೆಗೆದುಬಿಡುತ್ತಾನೆ.

ಊರಿಗೆ ಬಂದ ಮೂರನೇ ತಿಂಗಳು ಮುಟ್ಟು ಬಂತು. ಬಟ್ಟೆ ತೆಗೆದುಕೊಂಡು ಕೊಟ್ಟಿಗೆ ರೂಮಿಗೆ ಹೊರಟೆ. ಅತ್ತೆ ಒಲೆ ಮುಂದೆ ಕೂತಿದ್ದವರು ತಿರುಗಿ ನೋಡದೆಯೇ ಹೇಳಿದರು:

"ಅಲ್ ಸೊಳ್ಳೆ ಜಾಸ್ತಿ. ಇಲ್ಲೇ ಬಿದ್ಕೊ. ದಿನಾ ಎಂಗದೆ ಅಂತ ನಂಗೇಳು, ಮುಚ್ಚಿಡ್ಬ್ಯಾಡ."

ನಾಲ್ಕನೇ ದಿನ ನಿಂತಿತು. ಹೇಳಿದೆ. ಅವರು ದೇವರ ಕಡೆ ಒಮ್ಮೆ ನೋಡಿದರು. ಚಾಪೆ ಈಗಲೂ ಆ ರೂಮಿನಲ್ಲೇ ಸುತ್ತಿಟ್ಟಿದೆ. ಅದನ್ನು ಹಾಸುವವರೂ ಇಲ್ಲ, ಎತ್ತಿ ಹಾಕುವವರೂ ಇಲ್ಲ.

ಕಾಯಿಲೆ ಮತ್ತೆ ಬರಬಹುದು ಎಂದು ಡಾಕ್ಟರ್ ಹೇಳಿದ್ದಾರೆ. ಆಗಾಗ ಪರೀಕ್ಷೆಗೆ ರಕ್ತ ಕೊಟ್ಟು ಬರಬೇಕು. ಸ್ನಾನ ಮಾಡುವಾಗ ತೊಡೆ, ತೋಳು ಎಲ್ಲ ನೋಡಿಕೊಳ್ಳುವುದು ಅಭ್ಯಾಸವಾಗಿದೆ. ಈ ಭಯದ ಬಗ್ಗೆ ಮಾತಾಡಲು ಇದೇ ಕಾಯಿಲೆಯ ಇನ್ನೊಬ್ಬ ಹೆಂಗಸು ಸಿಗುತ್ತಾಳೇನೋ ಎಂದು ಆ ಪಡಸಾಲೆಯಲ್ಲಿ ಪ್ರತಿ ಸಲ ಹುಡುಕುತ್ತೇನೆ. ಇನ್ನೂ ಸಿಕ್ಕಿಲ್ಲ.

ಮೊನ್ನೆ ಮಾತ್ರೆ ಪೂರ್ತಿ ನಿಂತ ಮೇಲೆ ಒಬ್ಬಳೇ ಸುಬ್ಬಮ್ಮನ ಅಂಗಡಿಗೆ ಹೋದೆ. ಮುಖದ ಊತ ಇನ್ನೂ ಇಳಿದಿಲ್ಲ. ಅವರು ನನ್ನನ್ನು ನೋಡಿ ಯಾವೂರಮ್ಮ, ಸೈಜ್ ಎಷ್ಟು ಎಂದು ಕೇಳಿದರು. ಗುರುತು ಹೇಳಲು ಮನಸ್ಸಾಗಲಿಲ್ಲ, ಸುಮ್ಮನೆ ಎಡಗೈ ಚಾಚಿದೆ. ಹಿಡಿದುಕೊಂಡು, ಹೆಬ್ಬೆರಳಿನ ಬುಡ ಒತ್ತಿದವರು ಹಾಗೇ ನಿಂತರು. ಮಣಿಕಟ್ಟು ತಿರುಗಿಸಿ, ಕೂದಲೆಳೆಯಷ್ಟಿದ್ದ ಹಳೆಯ ಗೀರಿನ ಗುರುತು ನೋಡಿದರು. ಆಮೇಲೆ ನನ್ನ ಮುಖ ನೋಡಿದರು.

"ಈ ಕೈ ಬದುಕ್ತಾ?" ಎಂದರು.

ಆದರೆ ಬಳೆ ಡಬ್ಬಕ್ಕೆ ಕೈ ಹಾಕಲಿಲ್ಲ. ಅದೇ ಜಾಗವನ್ನು ಗಟ್ಟಿಯಾಗಿ ಒತ್ತಿ, ಕಾಫಿ ಕುಡ್ಕೊಂಡು ಒಂದು ಗಂಟೆ ಬಿಟ್ಟು ಬಾ ಎಂದು ಕಳಿಸಿದರು. ಬಸ್ ಸ್ಟಾಂಡಿನಲ್ಲಿ ಕೂತು ಕೈ ನೋಡುತ್ತಲೇ ಆ ಒಂದು ಗಂಟೆ ಕಳೆದೆ. ಊದಲಿಲ್ಲ, ಕಪ್ಪಾಗಲಿಲ್ಲ, ಕೈ ಸುಮ್ಮನೆ ಕೈಯಂತೆಯೇ ಇತ್ತು. ವಾಪಸ್ ಹೋದಾಗ ಅವರೂ ಅದನ್ನು ಬೆಳಕಿಗೆ ಹಿಡಿದು, ತಿರುಗಿಸಿ ತಿರುಗಿಸಿ ನೋಡಿ, ಹಸಿರು ಬಳೆಯ ಡಬ್ಬ ಇಳಿಸಿದರು. ಮೊದಲನೆಯದು ಗೆಣ್ಣು ದಾಟುವಾಗ ನನ್ನ ಕಣ್ಣಲ್ಲಿ ನೀರು ಬಂತು. ಸುಬ್ಬಮ್ಮ ಕೈ ಸಡಿಲಿಸಿ, ನೋಯ್ತದಾ ತಲ್ಲೀ ಎಂದು ಕೇಳಿದರು.

"ನೋಯ್ಲಿ," ಎಂದೆ. "ಬಿಡ್ಬ್ಯಾಡಿ, ಗಟ್ಟಿಯಾಗಿ ಇಡ್ಕೊಳ್ಳಿ."